ಮಗುವಿನ ಕಾರ್ ಸೀಟ್: ಆರಿಸುವುದರಿಂದ ಹಿಡಿದು ಬೆಲ್ಟ್ ಬಿಗಿಯುವವರೆಗೆ

ಕಾರ್ ಸೀಟ್ ಕೊಳ್ಳಲು ಹೊರಟವರು ಮೊದಲು ಕೇಳುವುದು "ಯಾವ ಕಂಪನಿಯದು ಒಳ್ಳೆಯದು?" ಅಂತ. ಈ ಪ್ರಶ್ನೆಗೆ ನೇರ ಉತ್ತರವಿಲ್ಲ. ಒಂದು ಕಾರಿನಲ್ಲಿ ಅಲುಗದೆ ಕೂರುವ ಸೀಟು ಇನ್ನೊಂದು ಕಾರಿನಲ್ಲಿ ಎಷ್ಟು ಬಿಗಿದರೂ ಓಲಾಡುತ್ತದೆ. ಒಂದು ಮಗುವಿಗೆ ಹೇಳಿ ಮಾಡಿಸಿದಂತಿರುವ ಸೀಟಿನಲ್ಲಿ ಅದೇ ವಯಸ್ಸಿನ ಇನ್ನೊಂದು ಮಗುವಿಗೆ ಭುಜದ ಪಟ್ಟಿ ಕಿವಿಯ ಹತ್ತಿರ ಬರುತ್ತದೆ. ಮಗು, ಕಾರು, ಸೀಟು ಮೂರೂ ಒಂದಕ್ಕೊಂದು ಹೊಂದಬೇಕು. ಜೊತೆಗೆ, ಅವಸರದಲ್ಲಿದ್ದಾಗಲೂ ನೀವು ಅದನ್ನು ತಪ್ಪಿಲ್ಲದೆ ಕಟ್ಟುವಂತಿರಬೇಕು. ಬೆಲೆ ಹೆಚ್ಚಿದ್ದ ಮಾತ್ರಕ್ಕೆ ಸುರಕ್ಷತೆ ಹೆಚ್ಚು ಎಂದೇನಿಲ್ಲ. ಹೆಚ್ಚಿನ ಹಣ ಬಹಳ ಸಲ ಬಟ್ಟೆಗೂ ಸೌಕರ್ಯಕ್ಕೂ ಹೋಗಿರುತ್ತದೆ.

ಇನ್ನೊಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ, ಉಳಿದದ್ದೆಲ್ಲ ಇದರ ಸುತ್ತಲೇ ತಿರುಗುತ್ತದೆ. ಮಗುವನ್ನು ಮುಂದಿನ ಹಂತದ ಸೀಟಿಗೆ ದಾಟಿಸುವುದನ್ನು ಬಡ್ತಿ ಎಂದುಕೊಳ್ಳಬೇಡಿ. ಹಿಮ್ಮುಖ ಸೀಟಿನಿಂದ (ಮಗುವಿನ ಮುಖ ಕಾರಿನ ಹಿಂದಕ್ಕೆ) ಮುಮ್ಮುಖ ಸೀಟಿಗೆ (ಮುಖ ಮುಂದಕ್ಕೆ), ಅಲ್ಲಿಂದ ಮಗುವನ್ನು ಎತ್ತರಿಸಿ ಕಾರಿನ ಬೆಲ್ಟ್ ಸರಿಯಾಗಿ ಕೂರುವಂತೆ ಮಾಡುವ ಬೂಸ್ಟರ್‌ಗೆ, ಬೂಸ್ಟರ್‌ನಿಂದ ಬರೀ ಬೆಲ್ಟಿಗೆ ಹೋದಂತೆಲ್ಲ ಪ್ರತಿ ಹೆಜ್ಜೆಗೂ ರಕ್ಷಣೆ ಒಂದಿಷ್ಟು ಕಳಚಿಕೊಳ್ಳುತ್ತದೆ. ಸೀಟಿನ ಮಿತಿ ಮುಟ್ಟುವವರೆಗೂ ಮಗು ಅಲ್ಲೇ ಇರಲಿ.

ಮಡಿಲು ಸಾಲದು, ಹಿಮ್ಮುಖವೇ ಮೇಲು: ಯಾಕೆ?

ಗಂಟೆಗೆ 50 ಕಿಲೋಮೀಟರ್ ಎಂದರೆ ಸೆಕೆಂಡಿಗೆ ಸುಮಾರು 14 ಮೀಟರ್. ಆ ವೇಗದ ಕಾರು ಏನಕ್ಕಾದರೂ ಗುದ್ದಿ ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ನಿಂತಿತು ಎನ್ನಿ. 10 ಕಿಲೋ ತೂಕದ ಮಗುವನ್ನು ಆಗ ಹಿಡಿದಿಡಲು ಸುಮಾರು 140 ಕಿಲೋ ಭಾರ ಎತ್ತುವಷ್ಟು ಬಲ ಬೇಕು, ಅದೂ ಕಣ್ಣು ಮಿಟುಕಿಸುವಷ್ಟರಲ್ಲಿ. ಯಾರ ತೋಳಿಗೂ ಅದು ಸಾಧ್ಯವಿಲ್ಲ. ಮಗುವನ್ನು ಮಡಿಲಲ್ಲಿ ಕೂರಿಸಿಕೊಂಡು ಒಂದೇ ಬೆಲ್ಟನ್ನು ಇಬ್ಬರಿಗೂ ಸೇರಿಸಿ ಹಾಕಿಕೊಂಡರೆ ಇನ್ನೂ ಕೆಟ್ಟದ್ದು: ದೊಡ್ಡವರ ಇಡೀ ಭಾರ ಮಗುವನ್ನು ಬೆಲ್ಟಿಗೆ ಒತ್ತುತ್ತದೆ. ಅಮೆರಿಕದ ರಸ್ತೆ ಸುರಕ್ಷತಾ ಸಂಸ್ಥೆ ಎನ್‌ಎಚ್‌ಟಿಎಸ್‌ಎ ಅಂದಾಜಿನಂತೆ, ಕಾರುಗಳಲ್ಲಿ ಚೈಲ್ಡ್ ಸೀಟಿನ ಬಳಕೆ ಒಂದು ವರ್ಷದೊಳಗಿನ ಶಿಶುಗಳ ಸಾವಿನ ಅಪಾಯವನ್ನು ಶೇ 71ರಷ್ಟು, ಒಂದರಿಂದ ನಾಲ್ಕು ವರ್ಷದ ಮಕ್ಕಳಲ್ಲಿ ಶೇ 54ರಷ್ಟು ಇಳಿಸುತ್ತದೆ.

ಇನ್ನು ದಿಕ್ಕಿನ ವಿಚಾರ. ಹುಟ್ಟಿದ ಮಗುವಿನ ತಲೆ ಅದರ ಒಟ್ಟು ಉದ್ದದ ಕಾಲು ಭಾಗದಷ್ಟಿರುತ್ತದೆ. ದೊಡ್ಡವರಲ್ಲಿ ಏಳೆಂಟನೇ ಒಂದು ಭಾಗ ಮಾತ್ರ. ಇಷ್ಟು ಭಾರದ ತಲೆಯನ್ನು ಹೊತ್ತ ಕತ್ತಿನ ಮೂಳೆಗಳು ಇನ್ನೂ ಪೂರ್ತಿ ಗಟ್ಟಿಯಾಗಿರುವುದಿಲ್ಲ, ಬಿಡಿ ಭಾಗಗಳ ನಡುವೆ ಮೃದ್ವಸ್ಥಿಯೇ ಇರುತ್ತದೆ. ಮುಂದಕ್ಕೆ ಮುಖ ಮಾಡಿ ಕೂತ ಮಗುವಿನ ಕಾರು ಎದುರಿಂದ ಗುದ್ದಿದಾಗ ಪಟ್ಟಿಗಳು ಮೈಯನ್ನು ಹಿಡಿದುಕೊಳ್ಳುತ್ತವೆ, ತಲೆಯನ್ನು ಹಿಡಿಯುವವರಿಲ್ಲ. ಅದು ಮುಂದಕ್ಕೆ ಚಿಮ್ಮುತ್ತದೆ, ಎಳೆತವೆಲ್ಲ ಕತ್ತಿಗೆ. ಹಿಂದಕ್ಕೆ ಮುಖ ಮಾಡಿದ್ದರೆ ತಲೆ, ಕತ್ತು, ಬೆನ್ನು ಒಟ್ಟಾಗಿ ಸೀಟಿನ ಚಿಪ್ಪಿಗೆ (ಗಟ್ಟಿ ಹೊರಕವಚಕ್ಕೆ) ಒತ್ತಿಕೊಳ್ಳುತ್ತವೆ, ಹೊಡೆತ ಇಡೀ ಬೆನ್ನಿಗೆ ಹಂಚಿಹೋಗುತ್ತದೆ. ಸ್ವೀಡನ್ನಿನ ಬರ್ಟಿಲ್ ಆಲ್ಡ್‌ಮನ್ 1960ರ ದಶಕದಲ್ಲಿ ಹಿಮ್ಮುಖ ಸೀಟನ್ನು ರೂಪಿಸಿದ್ದು, ರಾಕೆಟ್ ಮೇಲೇರುವಾಗ ಗಗನಯಾತ್ರಿಗಳು ಬೆನ್ನು ಕೊಟ್ಟು ಮಲಗುವ ರೀತಿಯನ್ನು ಗಮನಿಸಿ. ಮಕ್ಕಳನ್ನು ನಾಲ್ಕು ವರ್ಷದವರೆಗೂ ಹಿಮ್ಮುಖವಾಗಿಯೇ ಕೂರಿಸುವ ರೂಢಿ ಆ ದೇಶದಲ್ಲಿ ಇವತ್ತಿಗೂ ಇದೆ.

ಮೊದಲ ಹೆಜ್ಜೆ: ಅಳತೆ

ವಯಸ್ಸು ನೋಡಿ ಸೀಟು ಕೊಳ್ಳಬೇಡಿ. ಈ ವಾರದ ತೂಕ, ಈ ವಾರದ ಎತ್ತರ ಎರಡನ್ನೂ ಬರೆದುಕೊಳ್ಳಿ. ತೂಕ ತೆಳು ಬಟ್ಟೆಯಲ್ಲಿ. ನಿಲ್ಲಲು ಬಾರದ ಮಗುವಿನ ಎತ್ತರ ಮಲಗಿಸಿ. ಆರು ತಿಂಗಳ ಹಿಂದಿನ ಲಸಿಕೆ ಕಾರ್ಡಿನ ಅಂಕಿ ಉಪಯೋಗಕ್ಕೆ ಬರುವುದಿಲ್ಲ, ಈ ವಯಸ್ಸಿನಲ್ಲಿ ಆರು ತಿಂಗಳೆಂದರೆ ಬೇರೆಯೇ ಮಗು.

ಎರಡನೆಯದು: ಲೇಬಲ್ ಓದುವುದು

ಸೀಟಿನ ಬೆನ್ನಿಗೋ ಬದಿಗೋ ಅಂಟಿಸಿದ ಪ್ರಮಾಣೀಕರಣದ ಚೀಟಿ ಇರಬೇಕು. ಅದು ಇಲ್ಲದ ಸೀಟನ್ನು ಯಾರು ಉಡುಗೊರೆ ಕೊಟ್ಟರೂ ಬೇಡ. ಬಟ್ಟೆ ಮತ್ತು ನಾಲ್ಕು ಪಟ್ಟಿಗಳಷ್ಟೇ ಇರುವ, ಚಿಪ್ಪೇ ಇಲ್ಲದ ಅಗ್ಗದ 'ಟ್ರಾವೆಲ್ ಸೀಟ್'ಗಳು ಆನ್‌ಲೈನಿನಲ್ಲಿ ಬೇಕಾದಷ್ಟು ಸಿಗುತ್ತವೆ. ಪ್ರಮಾಣೀಕರಣವಿಲ್ಲದ ಅಂಥವನ್ನು ಸೀಟು ಎಂದು ಕರೆಯುವುದೇ ತಪ್ಪು.

ವಿಶ್ವಸಂಸ್ಥೆಯ ನಿಯಮಾವಳಿ ಪಾಲಿಸುವ ದೇಶಗಳಲ್ಲಿ ಈ ಚೀಟಿ ಕಿತ್ತಳೆ ಬಣ್ಣದ್ದು. ಅದರಲ್ಲಿ ವೃತ್ತದೊಳಗೆ ಇಂಗ್ಲಿಷಿನ ದೊಡ್ಡ 'ಇ', ಪಕ್ಕದಲ್ಲಿ ಒಂದು ಸಂಖ್ಯೆ. ಆ ಸಂಖ್ಯೆ ಒಪ್ಪಿಗೆ ಕೊಟ್ಟ ದೇಶದ್ದು: 1 ಜರ್ಮನಿ, 4 ನೆದರ್ಲೆಂಡ್ಸ್. ಗುಣಮಟ್ಟದ ಅಂಕವೆಂದು ಅದನ್ನು ಓದಬೇಡಿ. ಹಳೆಯ ನಿಯಮ ಆರ್44 ತೂಕದ ಗುಂಪುಗಳ ಮೇಲೆ ನಡೆಯುತ್ತಿತ್ತು: 0+ ಅಂದರೆ 13 ಕಿಲೋವರೆಗೆ, 1 ಅಂದರೆ 9ರಿಂದ 18, 2 ಮತ್ತು 3 ಸೇರಿದರೆ 15ರಿಂದ 36. 2013ರಲ್ಲಿ ಜಾರಿಗೆ ಬಂದ ಆರ್129 (ಐ-ಸೈಜ್ ಸೀಟುಗಳು ಇದರಡಿ ಬರುತ್ತವೆ) ಎತ್ತರವನ್ನು ಮುಖ್ಯವಾಗಿಸಿತು, ಪಕ್ಕದಿಂದ ಬೀಳುವ ಹೊಡೆತದ ಪರೀಕ್ಷೆಯನ್ನು ಸೇರಿಸಿತು, 15 ತಿಂಗಳು ದಾಟುವವರೆಗೆ ಹಿಮ್ಮುಖವನ್ನು ಕಡ್ಡಾಯ ಮಾಡಿತು. ಯುರೋಪಿಯನ್ ಒಕ್ಕೂಟದಲ್ಲಿ 2024ರ ಸೆಪ್ಟೆಂಬರ್ 1ರಿಂದ ಆರ್44 ಸೀಟುಗಳ ಮಾರಾಟ ನಿಂತಿದೆ. ಮನೆಯಲ್ಲಿ ಇರುವುದನ್ನು ಬಳಸಲು ಅಡ್ಡಿಯಿಲ್ಲ. ಹೊಸದು ಕೊಳ್ಳುವುದಾದರೆ ಮಾತ್ರ ಆರ್129 ಇರುವುದನ್ನೇ ಕೊಳ್ಳಿ.

ಅಮೆರಿಕದ ಸೀಟುಗಳು ಎಫ್‌ಎಂವಿಎಸ್‌ಎಸ್ 213 ಎಂಬ ಬೇರೆ ನಿಯಮದವು. ಪರದೇಶದಿಂದ ಯಾರಾದರೂ ತಂದುಕೊಡುವ ಸೀಟು ಎಷ್ಟೇ ಚೆನ್ನಾಗಿದ್ದರೂ ನೀವಿರುವಲ್ಲಿನ ಕಾನೂನು ಆ ಪ್ರಮಾಣೀಕರಣವನ್ನು ಒಪ್ಪುತ್ತದೆಯೇ ಎಂದು ನೋಡಿಕೊಳ್ಳಿ.

ಮೂರನೆಯದು: ಯಾವ ಬಗೆಯ ಸೀಟು?

ಹುಟ್ಟಿದ ಮಗುವಿಗೆ ಎರಡು ದಾರಿ. ಹಿಡಿಕೆ ಇರುವ, ಎತ್ತಿಕೊಂಡು ಹೋಗಬಹುದಾದ ಶಿಶು ಸೀಟು ಒಂದು. ಎಳೆಗೂಸಿಗೆ ಇದು ಚೆನ್ನಾಗಿ ಹೊಂದುತ್ತದೆ, ಆದರೆ ಮಗು ಉದ್ದವಿದ್ದರೆ ವರ್ಷದೊಳಗೇ ಚಿಕ್ಕದಾಗಬಹುದು. ಇನ್ನೊಂದು, ಹಿಮ್ಮುಖವಾಗಿಯೂ ಆಮೇಲೆ ಮುಮ್ಮುಖವಾಗಿಯೂ ಕೂರಿಸಬಹುದಾದ ಕನ್ವರ್ಟಿಬಲ್. ಖರ್ಚಿನ ಲೆಕ್ಕದಲ್ಲಿ ಇದು ಮೇಲು; ಆದರೆ ಕೆಲವು ಮಾದರಿಗಳಲ್ಲಿ ನವಜಾತ ಶಿಶುವಿನ ಭುಜಕ್ಕಿಂತ ಪಟ್ಟಿ ಮೇಲೇ ಉಳಿದುಬಿಡುತ್ತದೆ. ಹಿಮ್ಮುಖ ಸೀಟಿನಲ್ಲಿ ಪಟ್ಟಿ ಭುಜದ ಮಟ್ಟಕ್ಕೆ ಅಥವಾ ತುಸು ಕೆಳಗಿನಿಂದ ಹೊರಡಬೇಕು. ಕೊಳ್ಳುವಾಗ ತೀರಾ ಕೆಳಗಿನ ರಂಧ್ರ ಎಷ್ಟು ಎತ್ತರದಲ್ಲಿದೆ ಎಂದು ಅಳೆದೇ ನೋಡಿ.

ಕೊಳ್ಳುವಾಗ ಎಲ್ಲರೂ ಮರೆಯುವ ಅಂಕಿ ಒಂದಿದೆ: ಹಿಮ್ಮುಖವಾಗಿ ಕೂರಿಸಬಹುದಾದ ಗರಿಷ್ಠ ತೂಕ ಮತ್ತು ಎತ್ತರ. ಎರಡು ಸೀಟುಗಳ ನಡುವೆ ಆಯ್ಕೆ ಬಂದರೆ ಈ ಮಿತಿ ಹೆಚ್ಚಿರುವುದನ್ನು ತೆಗೆದುಕೊಳ್ಳಿ. ಬಣ್ಣ, ಕಪ್ ಹೋಲ್ಡರ್ ಎಲ್ಲ ಆಮೇಲೆ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2011ರಲ್ಲಿ "ಕನಿಷ್ಠ ಎರಡು ವರ್ಷ ಹಿಮ್ಮುಖ" ಎಂದಿತ್ತು. 2018ರಲ್ಲಿ ವಯಸ್ಸಿನ ಗಡಿಯನ್ನೇ ತೆಗೆದು, ಸೀಟಿನ ಮಿತಿ ಮುಟ್ಟುವವರೆಗೂ ಹಿಮ್ಮುಖವಾಗಿರಲಿ ಎಂದು ತಿದ್ದಿತು.

"ಕಾಲು ಮಡಚಿಕೊಂಡು ಕೂರಬೇಕಲ್ಲ, ಪಾಪ" ಎಂದು ಅಜ್ಜಿ-ತಾತಂದಿರು ಮರುಗುವುದು ಸಹಜ. ಕಾಲು ಮಡಚಿ, ಚಕ್ಕಳಮಕ್ಕಳ ಹಾಕಿ ಕೂರುವುದು ಮಕ್ಕಳಿಗೆ ಕಷ್ಟವೇ ಅಲ್ಲ. ಕಾಲು ಹಿಂಬದಿಯ ಸೀಟಿಗೆ ತಾಗಿದ ಮಾತ್ರಕ್ಕೆ ಸೀಟು ಚಿಕ್ಕದಾಯಿತು ಎಂದು ಅರ್ಥವಲ್ಲ. ನೋಡಬೇಕಾದ್ದು ತಲೆ: ಅನೇಕ ಸೀಟುಗಳಲ್ಲಿ ನೆತ್ತಿಯ ಮೇಲೆ ಚಿಪ್ಪು ಇನ್ನೂ 2.5 ಸೆಂಟಿಮೀಟರ್ ಉಳಿದಿರಬೇಕೆಂಬ ನಿಯಮವಿರುತ್ತದೆ. ನಿಮ್ಮ ಸೀಟಿನ ಮಿತಿ ಅದರ ಕೈಪಿಡಿಯಲ್ಲಿದೆ.

"ಹುಟ್ಟಿನಿಂದ 12 ವರ್ಷದವರೆಗೆ ಒಂದೇ ಸೀಟು" ಎಂಬ ಜಾಹೀರಾತಿನ ಬಗ್ಗೆ ನನಗೆ ಅನುಮಾನವಿದೆ. ಎಲ್ಲರಿಗೂ ಹೊಂದಬೇಕಾದ ಸೀಟು ತೀರಾ ಚಿಕ್ಕ ಮಗುವಿಗೂ ಬೆಳೆದ ಮಗುವಿಗೂ ಅರೆಬರೆ ಹೊಂದುವುದೇ ಹೆಚ್ಚು. ಮೇಲಾಗಿ 12 ವರ್ಷ ಆಗುವ ಮೊದಲೇ ಸೀಟಿನ ಅವಧಿ ಮುಗಿದಿರಬಹುದು. ಸುತ್ತ ತಿರುಗುವ ಸೀಟು ಬೆನ್ನು ನೋವಿರುವವರಿಗೆ ನಿಜಕ್ಕೂ ಅನುಕೂಲ. ಆದರೆ ಭಾರ ಜಾಸ್ತಿ, ಕಾರಿನಿಂದ ಕಾರಿಗೆ ಬದಲಿಸುವವರಿಗೆ ಹೊರೆ.

ನಾಲ್ಕನೆಯದು: ಕಾರನ್ನು ಪರೀಕ್ಷಿಸುವುದು

ಕಾರಿನ ಕೈಪಿಡಿಯಲ್ಲಿ ಮಕ್ಕಳ ಸೀಟಿಗೆಂದೇ ಒಂದು ಅಧ್ಯಾಯವಿರುತ್ತದೆ, ಯಾವ ಜಾಗದಲ್ಲಿ ಯಾವ ಬಗೆಯ ಸೀಟು ಆಗುತ್ತದೆ ಎಂಬ ಕೋಷ್ಟಕ ಸಮೇತ. ಅದನ್ನು ಓದದೆ ಸೀಟು ಕೊಳ್ಳಬೇಡಿ.

ಚಾಲೂ ಇರುವ ಏರ್‌ಬ್ಯಾಗ್ ಮುಂದೆ ಹಿಮ್ಮುಖ ಸೀಟನ್ನು ಎಂದೆಂದಿಗೂ ಇಡಬಾರದು. ಉಬ್ಬುವ ಏರ್‌ಬ್ಯಾಗ್ ನೇರ ಸೀಟಿನ ಬೆನ್ನಿಗೆ, ಅಂದರೆ ಮಗುವಿನ ತಲೆಯ ಹಿಂಭಾಗಕ್ಕೇ ಬಡಿಯುತ್ತದೆ; ಮಗುವಿನ ಜೀವ ಹೋಗಬಹುದು. ಮಕ್ಕಳ ಜಾಗ ಹಿಂದಿನ ಸಾಲು. ಅದರಲ್ಲಿ ನಡುವಿನ ಜಾಗ ಎರಡೂ ಬಾಗಿಲಿನಿಂದ ದೂರವಿರುವುದರಿಂದ ಒಳ್ಳೆಯದೇ, ಆದರೆ ಬಹಳಷ್ಟು ಕಾರುಗಳಲ್ಲಿ ಅಲ್ಲಿ ಐಸೋಫಿಕ್ಸ್ (ಮಗುವಿನ ಸೀಟನ್ನು ಸಿಕ್ಕಿಸುವ ಕೊಂಡಿ) ಇರುವುದಿಲ್ಲ, ಸೀಟು ಉಬ್ಬಿಕೊಂಡಿರುತ್ತದೆ. ನಡುವೆ ಸಡಿಲವಾಗಿ ಕೂರುವುದಕ್ಕಿಂತ ಬದಿಯಲ್ಲಿ ಬಿಗಿಯಾಗಿ ಕೂರುವುದು ಲೇಸು.

ಐಸೋಫಿಕ್ಸ್ ಎಂದರೆ ಕಾರಿನ ಸೀಟಿನ ಬೆನ್ನು-ತಳ ಸೇರುವ ಸಂದಿಯಲ್ಲಿರುವ ಎರಡು ಉಕ್ಕಿನ ಕೊಂಡಿಗಳು. ಬೆಲ್ಟಿಗಿಂತ ಇದು ಸುರಕ್ಷಿತ ಎಂಬ ನಂಬಿಕೆ ಬಲವಾಗಿದೆ. ಸರಿಯಾಗಿ ಬಿಗಿದ ಬೆಲ್ಟೂ ಅಷ್ಟೇ ಸುರಕ್ಷಿತ. ಐಸೋಫಿಕ್ಸ್‌ನಲ್ಲಿ ತಪ್ಪಾಗುವ ಸಾಧ್ಯತೆ ಕಡಿಮೆ, ಅದೇ ಅದರ ಲಾಭ. ಈ ಕೊಂಡಿಗಳಿಗೂ ಭಾರದ ಮಿತಿ ಇದೆ. ಆರ್129ರಲ್ಲಿ ಮಗು ಮತ್ತು ಸೀಟು ಸೇರಿ 33 ಕಿಲೋ ದಾಟಬಾರದು, ಅಮೆರಿಕದಲ್ಲಿ 65 ಪೌಂಡು, ಅಂದರೆ ಸುಮಾರು 29.5 ಕಿಲೋ. ಭಾರದ ಸೀಟು ಕೊಂಡಷ್ಟೂ ಮಗುವಿನ ಪಾಲಿಗೆ ಉಳಿಯುವ ಕಿಲೋ ಕಡಿಮೆ. ಮಿತಿ ಮುಟ್ಟಿದ ಮೇಲೆ ಸೀಟನ್ನು ಬೆಲ್ಟಿನಿಂದ ಕಟ್ಟಬೇಕು, ಕೈಪಿಡಿ ಅದಕ್ಕೆ ಒಪ್ಪಿದ್ದರೆ. ಎರಡನ್ನೂ ಒಟ್ಟಿಗೆ ಹಾಕಿದರೆ ಇನ್ನೂ ಗಟ್ಟಿ ಎಂದು ಭಾವಿಸಬೇಡಿ; ಕೈಪಿಡಿ ಹೇಳದಿದ್ದರೆ ಒಂದೇ ಸಾಕು.

ನೆಲಕ್ಕೆ ಊರುವ ಕಾಲು ಇರುವ ಸೀಟಾದರೆ ಕಾರಿನ ನೆಲವನ್ನು ತಟ್ಟಿ ನೋಡಿ. ಕೆಲವು ಕಾರುಗಳಲ್ಲಿ ಅಲ್ಲಿ ಮುಚ್ಚಳದ ಡಬ್ಬಿ ಇರುತ್ತದೆ, ಅಪಘಾತದ ಒತ್ತಡಕ್ಕೆ ಆ ಮುಚ್ಚಳ ಕುಸಿಯಬಹುದು. ಟಾಪ್ ಟೆದರ್ (ಮಗುವಿನ ಸೀಟಿನ ಮೇಲ್ತುದಿಯನ್ನು ಕಾರಿಗೆ ಬಿಗಿಯುವ ಪಟ್ಟಿ) ಕಟ್ಟುವ ಕೊಂಡಿ ಕಾರಿನ ಸೀಟಿನ ಬೆನ್ನ ಹಿಂದೆಯೋ ಡಿಕ್ಕಿಯ ನೆಲದಲ್ಲೋ ಇರಬಹುದು. ಸಾಮಾನು ಕಟ್ಟುವ ಕೊಕ್ಕೆಯೂ ನೋಡಲು ಹಾಗೆಯೇ ಇರುತ್ತದೆ, ಅದಕ್ಕೆ ಕಟ್ಟಿದರೆ ಕಟ್ಟದಂತೆಯೇ. ಇನ್ನು ದೊಡ್ಡ ಹಿಮ್ಮುಖ ಸೀಟು ಇಟ್ಟ ಮೇಲೆ ಮುಂದಿನ ಸೀಟನ್ನು ಎಷ್ಟು ಮುಂದಕ್ಕೆ ಎಳೆಯಬೇಕಾಗುತ್ತದೆ ಎಂದು ನೋಡಿ. ಚಾಲಕರ ಎದೆ ಸ್ಟಿಯರಿಂಗಿಗೆ ಅಂಟುವಂತಿದ್ದರೆ ಸೀಟನ್ನು ಇನ್ನೊಂದು ಬದಿಗೆ ಹಾಕಿ, ಇಲ್ಲವೇ ಬೇರೆ ಮಾದರಿ ನೋಡಿ. ಕೊಳ್ಳುವ ಮೊದಲು ಅಂಗಡಿಯವರು ಸೀಟನ್ನು ನಿಮ್ಮ ಕಾರಿನಲ್ಲೇ ಇಟ್ಟು ನೋಡಲು ಬಿಟ್ಟರೆ ಅದಕ್ಕಿಂತ ಒಳ್ಳೆಯದಿಲ್ಲ.

ಐದನೆಯದು: ಅಳವಡಿಸುವುದು

ಕಾರನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಕೈಪಿಡಿಯನ್ನು ಪಕ್ಕದಲ್ಲಿ ತೆರೆದಿಟ್ಟುಕೊಳ್ಳಿ. ಮಗು ಜೊತೆಗೆ ಬೇಡ, ಗಡಿಬಿಡಿಯಾಗುತ್ತದೆ.

ಬೆಲ್ಟಿನಿಂದ ಕಟ್ಟುವುದಾದರೆ ಮೊದಲು ದಾರಿ ಗುರುತಿಸಿ. ಕನ್ವರ್ಟಿಬಲ್ ಸೀಟಿಗೆ ಹಿಮ್ಮುಖಕ್ಕೊಂದು, ಮುಮ್ಮುಖಕ್ಕೊಂದು ಬೇರೆ ಬೇರೆ ಬೆಲ್ಟ್ ದಾರಿಗಳಿರುತ್ತವೆ, ಸಾಮಾನ್ಯವಾಗಿ ನೀಲಿ ಮತ್ತು ಕೆಂಪು ಬಣ್ಣದಲ್ಲಿ. ಬೆಲ್ಟ್ ತಿರುಚಿಕೊಳ್ಳದಂತೆ ತೂರಿಸಿ, ಬಕಲ್ ಹಾಕಿ, ಅಂಗೈಯಿಂದ ಸೀಟಿನ ಮೇಲೆ ಭಾರ ಬಿಟ್ಟು ಒತ್ತುತ್ತಾ ಸಡಿಲವನ್ನೆಲ್ಲ ಎಳೆಯಿರಿ. ಬೆಲ್ಟ್ ಮತ್ತೆ ಸಡಿಲವಾಗದಂತೆ ಲಾಕ್ ಆಗಬೇಕು. ಕೆಲವು ಕಾರುಗಳಲ್ಲಿ ಬೆಲ್ಟನ್ನು ಕೊನೆಯವರೆಗೆ ಎಳೆದು ಬಿಟ್ಟರೆ ಲಾಕ್ ಆಗುತ್ತದೆ, ಕೆಲವು ಸೀಟುಗಳಲ್ಲೇ ಅದಕ್ಕೆ ಕ್ಲಿಪ್ ಇರುತ್ತದೆ. ಬಕಲ್ ಸೀಟಿನ ಚೌಕಟ್ಟಿನ ಅಂಚಿಗೆ ಒರಗಿ ಬಾಗಿ ನಿಂತರೆ ಆ ಜಾಗ ಆ ಸೀಟಿಗೆ ಒಗ್ಗುವುದಿಲ್ಲ.

ಬಿಗಿ ಪರೀಕ್ಷೆ: ಬೆಲ್ಟ್ ಹಾದುಹೋಗುವ ಜಾಗದಲ್ಲೇ ಸೀಟನ್ನು ಹಿಡಿದು ಅಕ್ಕಪಕ್ಕಕ್ಕೆ, ಹಿಂದೆ ಮುಂದೆ ಎಳೆದು ನೋಡಿ. 2.5 ಸೆಂಟಿಮೀಟರಿಗಿಂತ ಹೆಚ್ಚು ಜರುಗಬಾರದು. ಹಿಮ್ಮುಖ ಸೀಟಿನ ತುದಿ ಹಿಡಿದು ಎಳೆದರೆ ಅಲ್ಲಾಡಿಯೇ ಅಲ್ಲಾಡುತ್ತದೆ, ಅದಕ್ಕೆ ಹೆದರಬೇಡಿ.

ಮುಮ್ಮುಖ ಸೀಟಿಗೆ ಟಾಪ್ ಟೆದರ್ ಕೊಟ್ಟಿದ್ದರೆ ಅದನ್ನು ಕಟ್ಟಲೇಬೇಕು. ತಲೆ ಮುಂದಕ್ಕೆ ಚಿಮ್ಮುವ ದೂರವನ್ನು ಅದು ಗಣನೀಯವಾಗಿ ತಗ್ಗಿಸುತ್ತದೆ. ಆದರೂ ಎಷ್ಟೋ ಕಾರುಗಳಲ್ಲಿ ಈ ಪಟ್ಟಿ ಸೀಟಿನ ಹಿಂದೆ ಸುಮ್ಮನೆ ನೇತಾಡುತ್ತಿರುತ್ತದೆ.

ಹಿಮ್ಮುಖ ಸೀಟಿನ ಓರೆ ಎಷ್ಟಿರಬೇಕು ಎಂಬುದಕ್ಕೆ ಸೀಟಿನ ಮೇಲೆ ಗೆರೆಯೋ ಗುಳ್ಳೆಯ ಮಟ್ಟಗೋಲೋ ಇರುತ್ತದೆ. ಎಳೆಗೂಸಿಗೆ ಸುಮಾರು 45 ಡಿಗ್ರಿ. ಸೀಟು ತೀರಾ ನೆಟ್ಟಗಿದ್ದರೆ ತಲೆ ಎದೆಗೆ ಬಾಗಿ ಉಸಿರಿನ ದಾರಿ ಮುಚ್ಚಬಹುದು, ತೀರಾ ಮಲಗಿದ್ದರೆ ಅಪಘಾತದಲ್ಲಿ ಮಗು ಮೇಲಕ್ಕೆ ಜಾರಬಹುದು.

ಆರನೆಯದು: ಮಗುವನ್ನು ಕಟ್ಟುವುದು

ಅಳವಡಿಸುವುದು ಒಮ್ಮೆಯ ಕೆಲಸ, ಕಟ್ಟುವುದು ದಿನದಿನದ್ದು. ತಪ್ಪುಗಳು ಸೇರಿಕೊಳ್ಳುವುದೂ ಇಲ್ಲೇ.

ದಪ್ಪ ಜಾಕೆಟ್, ಸ್ವೆಟರ್ ತೆಗೆಯಿರಿ. ಒಳಗಿನ ಗಾಳಿ ಹೊಡೆತಕ್ಕೆ ಕುಗ್ಗಿ ಪಟ್ಟಿ ಸಡಿಲಾಗುತ್ತದೆ. ಚಳಿ ಇದ್ದರೆ ಪಟ್ಟಿ ಬಿಗಿದ ಮೇಲೆ ಹೊದಿಕೆ ಹೊದಿಸಿ. ಮಗುವಿನ ಕುಂಡೆ, ಬೆನ್ನು ಸೀಟಿಗೆ ಪೂರ್ತಿ ತಾಗುವಂತೆ ಕೂರಿಸಿ. ಪಟ್ಟಿಯ ಎತ್ತರ ನೋಡಿ: ಹಿಮ್ಮುಖಕ್ಕೆ ಭುಜದ ಮಟ್ಟ ಅಥವಾ ಕೆಳಗೆ, ಮುಮ್ಮುಖಕ್ಕೆ ಭುಜದ ಮಟ್ಟ ಅಥವಾ ಮೇಲೆ. ಮೊದಲು ಸೊಂಟದ ಭಾಗದ ಸಡಿಲವನ್ನು ಮೇಲಕ್ಕೆ ಎಳೆದುಕೊಳ್ಳಿ, ಆಮೇಲೆ ಬಿಗಿಯುವ ಪಟ್ಟಿ ಎಳೆಯಿರಿ. ಈಗ ಹೆಗಲ ಮೂಳೆಯ ಹತ್ತಿರ ಪಟ್ಟಿಯನ್ನು ಎರಡು ಬೆರಳಿನಿಂದ ಚಿವುಟಿ ಹಿಡಿಯಲು ನೋಡಿ. ಮಡಿಕೆ ಸಿಕ್ಕರೆ ಇನ್ನೂ ಸಡಿಲ. ಬೆರಳು ಜಾರಿದರೆ ಸರಿ. ಎದೆಯ ಕ್ಲಿಪ್ ಇರುವ ಸೀಟಾದರೆ ಅದು ಕಂಕುಳ ಮಟ್ಟದಲ್ಲಿರಲಿ, ಹೊಟ್ಟೆಯ ಮೇಲಲ್ಲ. ಮಗು ಅತ್ತರೂ ಪಟ್ಟಿ ಸಡಿಲಿಸಬೇಡಿ.

ಬೇರೆ ಕೊಂಡ ತಲೆದಿಂಬು, ಪಟ್ಟಿಯ ಮೆತ್ತೆ, ಸೀಟಿನಡಿಯ ದಪ್ಪ ಚಾಪೆ ಯಾವುದೂ ಬೇಡ. ಸೀಟನ್ನು ಪರೀಕ್ಷಿಸಿದ್ದು ಅವುಗಳಿಲ್ಲದೆ. ಡಬ್ಬದಲ್ಲಿ ಜೊತೆಗೆ ಬಂದ ಮೆತ್ತೆಗಷ್ಟೇ ಅನುಮತಿ, ಅದೂ ಕೈಪಿಡಿ ಹೇಳಿದ ತೂಕದವರೆಗೆ.

ನಿದ್ದೆಯ ವಿಷಯ

ಕಾರು ಓಡುವಾಗ ಮಗು ಸೀಟಿನಲ್ಲಿ ನಿದ್ದೆ ಮಾಡುವುದು ತಪ್ಪಲ್ಲ. ಊರು ಸೇರಿದ ಮೇಲೂ "ಎಬ್ಬಿಸುವುದು ಯಾಕೆ" ಎಂದು ಶಿಶು ಸೀಟನ್ನೇ ಎತ್ತಿ ತಂದು ಮನೆಯೊಳಗಿಟ್ಟು ಬಿಡುವುದು ಅಪಾಯ. ಕಾರಿನ ಹೊರಗೆ ಸೀಟಿನ ಓರೆ ಬದಲಾಗುತ್ತದೆ, ತಲೆ ವಾಲುತ್ತದೆ. ಪಟ್ಟಿ ಅರ್ಧ ಬಿಚ್ಚಿದ್ದರೆ ಮಗು ಕೆಳಗೆ ಜಾರಿ ಪಟ್ಟಿ ಕತ್ತಿಗೆ ಸಿಕ್ಕಿಕೊಳ್ಳಬಹುದು. ಎತ್ತಿ ಸಮತಟ್ಟಾದ ಹಾಸಿಗೆಯ ಮೇಲೆ ಅಂಗಾತ ಮಲಗಿಸಿ. ದೂರದ ಪ್ರಯಾಣದಲ್ಲಿ ಹೆಚ್ಚೆಂದರೆ ಎರಡು ಗಂಟೆಗೊಮ್ಮೆ ನಿಲ್ಲಿಸಿ ಮಗುವನ್ನು ಹೊರಗೆತ್ತಿಕೊಳ್ಳಿ, ಎಳೆಗೂಸಾದರೆ ಇನ್ನೂ ಬೇಗ. ಅವಧಿಗೆ ಮೊದಲೇ ಹುಟ್ಟಿದ ಮಗುವಾದರೆ ಸೀಟಿನಲ್ಲಿ ಅರೆ ಕೂತ ಭಂಗಿಯಲ್ಲಿ ಅದರ ಉಸಿರಾಟ ಸರಿಯಿರುತ್ತದೆಯೇ ಎಂದು ಮನೆಗೆ ಹೊರಡುವ ಮೊದಲೇ ವೈದ್ಯರನ್ನು ಕೇಳಿ. ಕೆಲವು ಆಸ್ಪತ್ರೆಗಳಲ್ಲಿ ಸೀಟಿನಲ್ಲಿ ಕೂರಿಸಿ ಇದನ್ನು ಪರೀಕ್ಷಿಸುವ ಪದ್ಧತಿಯೇ ಇದೆ.

ಹಳೆಯ ಸೀಟು

ಚರಿತ್ರೆ ಗೊತ್ತಿಲ್ಲದ ಸೀಟು ಬೇಡ. ಅಪಘಾತ ಕಂಡ ಸೀಟಿನೊಳಗಿನ ಬಿರುಕು ಹೊರಗೆ ಕಾಣದಿರಬಹುದು. ಅಕ್ಕನೋ ಆಪ್ತ ಗೆಳತಿಯೋ ಕೊಟ್ಟದ್ದಾದರೆ ನಾಲ್ಕು ವಿಷಯ ಕೇಳಿ ತಿಳಿದುಕೊಳ್ಳಿ: ಗುದ್ದಾಟ ಆಗಿತ್ತೇ, ಅವಧಿ ಮುಗಿದಿದೆಯೇ (ಸಾಮಾನ್ಯವಾಗಿ ತಯಾರಾದ ದಿನದಿಂದ 6ರಿಂದ 10 ವರ್ಷ, ಚಿಪ್ಪಿನ ಮೇಲೆ ಅಚ್ಚಾಗಿರುತ್ತದೆ), ಕೈಪಿಡಿ ಮತ್ತು ಎಲ್ಲ ಭಾಗಗಳೂ ಇವೆಯೇ, ಕಂಪನಿ ಆ ಮಾದರಿಯನ್ನು ವಾಪಸ್ ಕರೆದಿತ್ತೇ. ಪಟ್ಟಿಯನ್ನು ವಾಷಿಂಗ್ ಮೆಷಿನ್‌ಗೆ ಹಾಕಿ ಒಗೆದಿದ್ದರೂ, ಬ್ಲೀಚ್ ಮಾಡಿದ್ದರೂ ನಾರು ಸೊರಗಿರುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸುವುದಷ್ಟೇ ಕ್ಷೇಮ.

ಬೂಸ್ಟರ್, ಆಮೇಲೆ ಬರೀ ಬೆಲ್ಟ್

ಐದು ಕಡೆ ಹಿಡಿಯುವ ಪಟ್ಟಿಯ ಮಿತಿಯನ್ನು ಮಗು ದಾಟಿದ ಮೇಲೆ ಬೂಸ್ಟರ್. ಬೂಸ್ಟರ್ ತಾನಾಗಿ ಮಗುವನ್ನು ಹಿಡಿಯುವುದಿಲ್ಲ, ಕಾರಿನ ಬೆಲ್ಟನ್ನು ಸರಿಯಾದ ಜಾಗಕ್ಕೆ ತರುವುದಷ್ಟೇ ಅದರ ಕೆಲಸ. ಮಕ್ಕಳ ಸೊಂಟದ ಮೂಳೆಯ ಅಂಚು ಇನ್ನೂ ಬೆಳೆಯುತ್ತಿರುವುದರಿಂದ, ಬೂಸ್ಟರ್ ಇಲ್ಲದಿದ್ದರೆ ಬೆಲ್ಟ್ ಅದನ್ನು ಹಿಡಿದು ನಿಲ್ಲದೆ ಮೇಲೆ ಹತ್ತಿ ಹೊಟ್ಟೆಯನ್ನು ಕೊಯ್ಯುತ್ತದೆ; ಕರುಳು, ಬೆನ್ನುಮೂಳೆಗೆ ಪೆಟ್ಟಾಗುವುದು ಹೀಗೆ. ಬೆನ್ನಿರುವ ಬೂಸ್ಟರನ್ನೇ ಕೊಳ್ಳಿ, ತಲೆಯ ಬದಿಗೂ ರಕ್ಷಣೆ ಸಿಗುತ್ತದೆ, ನಿದ್ದೆ ಹೋದಾಗ ಮಗು ವಾಲುವುದೂ ಕಡಿಮೆ. ಬೆನ್ನಿಲ್ಲದ ಬೂಸ್ಟರನ್ನು ಆರ್129 ಒಪ್ಪುವುದು 125 ಸೆಂಟಿಮೀಟರ್ ಎತ್ತರದ ಮೇಲೆ. ಸೊಂಟಕ್ಕೆ ಮಾತ್ರ ಬೆಲ್ಟಿರುವ ಜಾಗದಲ್ಲಿ ಯಾವ ಬೂಸ್ಟರನ್ನೂ ಬಳಸಬಾರದು. ವಿಮಾನದಲ್ಲಿ ಬೂಸ್ಟರ್ ಕೆಲಸಕ್ಕೆ ಬಾರದಿರುವುದಕ್ಕೂ ಇದೇ ಕಾರಣ.

ಮಗು ತಾಳ್ಮೆಯಿಂದ ನೆಟ್ಟಗೆ ಕೂರಲಾರದಿದ್ದರೆ, ಬೆಲ್ಟನ್ನು ಕಂಕುಳಡಿಗೆ ಹಾಕಿಕೊಳ್ಳುತ್ತಿದ್ದರೆ, ಎತ್ತರ ಸಾಕಾದರೂ ಬೂಸ್ಟರ್‌ಗೆ ಸಮಯ ಬಂದಿಲ್ಲ.

ಬೂಸ್ಟರ್ ಬಿಡುವುದು ಯಾವಾಗ? ಯುರೋಪಿನ ನಿಯಮ 150 ಸೆಂಟಿಮೀಟರ್, ಕೆಲವು ದೇಶಗಳಲ್ಲಿ 135. ಅಮೆರಿಕದ ಮಕ್ಕಳ ವೈದ್ಯರು ಹೇಳುವುದು ಸುಮಾರು 145. ಅಂಕಿಗಿಂತ ಕಣ್ಣಿನ ಪರೀಕ್ಷೆ ನಂಬಿಕೆಗೆ ಅರ್ಹ. ಬೆನ್ನು ಸೀಟಿಗೆ ಪೂರ್ತಿ ತಾಗಿರುವಾಗ ಮೊಣಕಾಲು ಸೀಟಿನ ಅಂಚಿನಲ್ಲಿ ಸಲೀಸಾಗಿ ಮಡಚಬೇಕು, ಪಾದ ನೆಲಕ್ಕೆ ತಾಗಬೇಕು. ಕೆಳಗಿನ ಬೆಲ್ಟ್ ಹೊಟ್ಟೆಯ ಮೇಲಲ್ಲ, ತೊಡೆಯ ಬುಡಕ್ಕೆ ಕೂರಬೇಕು. ಮೇಲಿನದು ಕತ್ತಿಗೂ ತೋಳಿಗೂ ಅಲ್ಲದೆ ಹೆಗಲ ನಡುವೆ ಹಾದು ಎದೆಯ ಮೇಲೆ ಬರಬೇಕು. ದಾರಿಯುದ್ದಕ್ಕೂ ಮಗು ಹಾಗೆಯೇ ಕೂತಿರಬೇಕು. ಇವುಗಳಲ್ಲಿ ಒಂದು ತಪ್ಪಿದರೂ ಬೂಸ್ಟರ್ ಮುಂದುವರಿಯಲಿ. ಒಂದು ಕಾರಿನಲ್ಲಿ ಈ ಪರೀಕ್ಷೆ ಪಾಸಾದ ಮಗು ಸೀಟು ಆಳವಿರುವ ಇನ್ನೊಂದು ಕಾರಿನಲ್ಲಿ ಫೇಲಾಗಬಹುದು, ಹಾಗಾಗಿ ಬೂಸ್ಟರನ್ನು ಅಟ್ಟಕ್ಕೆ ಹಾಕುವ ಮೊದಲು ಮಗು ಹತ್ತುವ ಕಾರುಗಳಲ್ಲೆಲ್ಲ ಕೂರಿಸಿ ನೋಡಿ. ಬೂಸ್ಟರ್ ಬಿಟ್ಟ ಮೇಲೂ 13 ವರ್ಷ ತುಂಬುವವರೆಗೆ ಹಿಂದಿನ ಸೀಟೇ ಇರಲಿ.